ಯಜಮಾನ್ತಿಯ ಕಾವಲು

ಮಕ್ಕಳ ಮ್ಯೂಸಿಯಂನ ಬಾಗಿಲಲ್ಲೇ, ಮಗುವಿನ ಕಣ್ಣಿಗೆ ಸರಿಯಾಗಿ ಬೀಳುವಷ್ಟು ಎತ್ತರದಲ್ಲಿ ಒಂದು ಹಲಗೆ: 'ದಯವಿಟ್ಟು ಎಲ್ಲವನ್ನೂ ಮುಟ್ಟಿ.' ಓದಿದ ಕೂಡಲೇ ಅವಳು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಇಡದೆ ಏನು? ಊರಿನ ಇನ್ನೊಂದು ತುದಿಯ ಹಳೆಯ ಮ್ಯೂಸಿಯಂನಲ್ಲಿ, ಮಡಕೆಗಳ ಕೋಣೆಯ ಕಾವಲಿಗೆ ಹದಿನೆಂಟು ವರ್ಷದಿಂದ ನಿಂತವಳು ಅವಳು. ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಸಲ 'ಮುಟ್ಟಬೇಡಿ' ಅನ್ನುವುದೇ ಅವಳ ಕಸುಬು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆ ಗಾದೆಯನ್ನೇ ಹೊಟ್ಟೆಪಾಡು ಮಾಡಿಕೊಂಡವಳು ಅವಳೊಬ್ಬಳೇ ಇರಬೇಕು.

ಅವಳ ಕಾಲದಲ್ಲಿ ಆ ಕೋಣೆಯ ಒಂದು ಮಡಕೆಯ ಅಂಚೂ ಚಕ್ಕೆ ಎದ್ದಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಸಂಜೆ ಬಾಗಿಲು ಹಾಕುವ ಮೊದಲ ಗಂಟೆ ಬಾರಿಸಿತೋ, ಕೋಳಿ ಅಟ್ಟಿದ ಹಾಗೆ ಜನರನ್ನು ಹೊರಗಟ್ಟುತ್ತಾಳೆ. 'ಇನ್ನೈದೇ ನಿಮಿಷ ಮೇಡಂ' ಎಂದು ಗೋಗರೆದವರು ಅದೆಷ್ಟು ಮಂದಿಯೋ. ಒಬ್ಬರಿಗೂ ಅರ್ಧ ನಿಮಿಷ ಕೊಟ್ಟವಳಲ್ಲ.

ಅಂಥವಳು ವಾರಕ್ಕೊಂದೇ ರಜೆಯ ದಿನ ಮತ್ತೊಂದು ಮ್ಯೂಸಿಯಂಗೆ ಬಂದದ್ದು ತೆವಲಿಗಲ್ಲ. ಅವಳ ಕೈಚೀಲದಲ್ಲಿ ಮಗಳ ಟೀಚರ್ ಬರೆದ ಚೀಟಿ ಇತ್ತು. ಮಗು ಶಾಲೆಯಲ್ಲಿ ಏನನ್ನೂ ಮುಟ್ಟುವುದಿಲ್ಲ. ಜೇಡಿಮಣ್ಣು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳೆ, ಬಣ್ಣ ಕೊಟ್ಟರೂ ಅಷ್ಟೇ. ಚೆಂಡು ಎಸೆದರೆ ಅದು ಬಿದ್ದು ಉರುಳಿ ಹೋಗುವುದನ್ನು ನೋಡುತ್ತ ನಿಲ್ಲುತ್ತಾಳೆ. ಆಗಾಗ ಚಾವಣಿ ದಿಟ್ಟಿಸುತ್ತಾಳೆ. 'ಒಂದು ವರ್ಷ ಕಾದು ನೋಡಿದ್ದೇವೆ. ಮಕ್ಕಳ ಮ್ಯೂಸಿಯಂಗೆ ಒಮ್ಮೆ ಕರೆದುಕೊಂಡು ಹೋಗಿ. ಅಲ್ಲೂ ಹೀಗೇ ಇದ್ದರೆ, ಸೋಮವಾರ ಹತ್ತು ಗಂಟೆಗೆ ಬನ್ನಿ, ಬೇರೆ ಶಾಲೆಯ ವಿಷಯ ಮಾತಾಡೋಣ.' ಆ ಕೊನೆಯ ಸಾಲು ಓದಿ ಓದಿ ಚೀಟಿಯ ಮಡಿಕೆ ಹರಿಯುವುದಕ್ಕೆ ಬಂದಿತ್ತು.

ಹಾಗೆಂದು ಮಗು ಮಂಕೇ? ಮನೆಯಲ್ಲಿ ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಅಪ್ಪನ ಹಿಟ್ಟಿನ ಡಬ್ಬಕ್ಕೆ ಕೈ ಹಾಕುತ್ತಾಳೆ, ಅಜ್ಜಿಯ ಕನ್ನಡಕ ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಾಳೆ. ಹೊಸಿಲು ದಾಟಿದಳೋ, ಬೇರೆಯೇ ಮಗು. ಅಂಗಡಿಯಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ ಎರಡೂ ಕೈ ಬೆನ್ನ ಹಿಂದೆ. ಮೊದಮೊದಲು ಜನ ಹೊಗಳಿದ್ದರು. ಏನೂ ಕೇಳಲ್ಲ, ಏನೂ ಮುಟ್ಟಲ್ಲ, ಎಂಥ ಪುಣ್ಯ ಮಾಡಿದ್ದೀಯಮ್ಮ ಎಂದಿದ್ದರು. ತಾಯಿಯೂ ಬೀಗಿದ್ದಳು. ಅತ್ತೆ ಮಾತ್ರ ಆರು ವರ್ಷದ ಮೊಮ್ಮಗಳು ಹಾಗೆ ಕೈಕಟ್ಟಿ ನಡೆಯುವುದನ್ನು ನೋಡಿ 'ಯಜಮಾನ್ತಿ' ಎಂದು ಹೆಸರಿಟ್ಟಿದ್ದರು. ಆ ಹೆಸರೇ ಉಳಿದುಕೊಂಡಿತ್ತು.

ಈಗ ಯಜಮಾನ್ತಿ ಬಾಗಿಲಲ್ಲಿ ನಿಂತು ಹಲಗೆಯನ್ನು ಅಕ್ಷರ ಕೂಡಿಸಿ ಓದಿದಳು. ತಲೆ ಎತ್ತಿ ಚಾವಣಿ ನೋಡಿದಳು. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ಒಳಗೆ ನಡೆದಳು.

"ಮುಟ್ಬಹುದಂತೆ ಪುಟ್ಟಾ, ಬೋರ್ಡಲ್ಲೇ ಬರೆದಿದೆ," ಎಂದಳು ತಾಯಿ.

"ಗೊತ್ತು. ಓದಿದೆ," ಎಂದಳು ಮಗಳು.

ಬಾಕಿ ಇಬ್ಬರು ಈ ಚಿಂತೆಯಿಂದ ಆಚೆ ಇದ್ದರು. ಗಂಡ ಬೇಕರಿಯಲ್ಲಿ ಬ್ರೆಡ್ ಮಾಡುವವನು. ವಾರದ ಆರು ದಿನ ಕೋಳಿಗಿಂತ ಮೊದಲು ಏಳುವವನಿಗೆ ಏಳನೆಯ ದಿನ ನಿಂತಲ್ಲೇ ನಿದ್ದೆ. ನೆರಳಿನ ಕೋಣೆ ಎಂದು ಒಂದಿತ್ತು. ದೀಪ ಫಕ್ಕನೆ ಮಿಂಚಿದಾಗ ನಮ್ಮ ನೆರಳು ಗೋಡೆಗೆ ಅಂಟಿಕೊಂಡು ಸ್ವಲ್ಪ ಹೊತ್ತು ಉಳಿಯುತ್ತದೆ. ಕತ್ತಲೆಯೂ ಮೆತ್ತನೆಯ ನೆಲವೂ ಒಟ್ಟಿಗೆ ಸಿಕ್ಕಿದ್ದೇ ತಡ, ಕುಂಭಕರ್ಣ ಗೋಡೆಗೊರಗಿ ಗೊರಕೆ ಶುರು ಮಾಡಿದ. ಗೋಡೆಯ ಮೇಲೆ ಅವನ ತೆರೆದ ಬಾಯಿಯ ನೆರಳು ಮೂಡಿ ಮೂಡಿ ಹೋಗುತ್ತಿತ್ತು. ಯಾರದೋ ಮಕ್ಕಳು ಅದನ್ನೂ ಒಂದು ಪ್ರದರ್ಶನವೆಂದು ತಿಳಿದು ಸುತ್ತ ಕೂತು ನೋಡಿದರು.

ಅತ್ತೆಗೆ ಎಪ್ಪತ್ತೊಂದು. ಬಸ್ಸಿಳಿಯುವಾಗ 'ಅಯ್ಯೋ ನನ್ ಮಂಡಿ' ಎಂದು ಮೂರು ಸಲ ನಿಂತವರು, ಒಳಗೆ ಬಂದದ್ದೇ ಮಂಡಿ ಮರೆತರು. ನೀರಿನ ಕೋಣೆಯಲ್ಲಿ ರವಿಕೆಯ ತೋಳು ಮಡಿಸಿ ಕಾಲುವೆಗೆ ಅಣೆಕಟ್ಟು ಕಟ್ಟಿದರು, ಬೇರೆ ಮಕ್ಕಳ ದೋಣಿ ಮುಳುಗಿಸಿದರು, ಒಂದು ಹುಡುಗಿಯೊಡನೆ ಪಂಪಿನ ಸರದಿಗೆ ಜಗಳವಾಡಿ ಗೆದ್ದರು.

"ಅತ್ತೆ, ಅವಳು ಚಿಕ್ಕೋಳು, ಬಿಟ್ಟುಕೊಡಿ," ಎಂದಳು ಸೊಸೆ.

"ನನಗೆ ಟೈಮ್ ಕಮ್ಮಿ ಇರೋದು ಕಣೇ, ಅವಳಿಗಲ್ಲ," ಎಂದರು ಅತ್ತೆ, ಪಂಪ್ ಒತ್ತುತ್ತಲೇ.

ಸೊಸೆ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದಳು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಒಂದು ಕಣ್ಣು ಮಗಳ ಕೈ ಮೇಲೆ, ಇನ್ನೊಂದು ಇಡೀ ಕೋಣೆಯ ಮೇಲೆ. ಯಾವನೋ ಹುಡುಗ ದೊಡ್ಡ ಪಿಯಾನೋದ ಮೇಲೆ ಬೂಟುಗಾಲಲ್ಲಿ ಕುಣಿದರೆ ಅವಳ ಬಾಯಿಂದ ತಾನಾಗಿ "ಏಯ್, ಇಳಿ!" ಹೊರಟಿತು. ಅದು ನೆಲಕ್ಕೆ ಹಾಸಿದ, ಕಾಲಲ್ಲಿ ಕುಣಿದು ನುಡಿಸುವುದಕ್ಕೇ ಮಾಡಿದ ಪಿಯಾನೋ. ಹುಡುಗ ಅವಳನ್ನೇ ಪಿಳಿಪಿಳಿ ನೋಡಿದ. ಅವನ ತಾಯಿ ಅವಳ ನಿಲುವು ನೋಡಿ, ಇಲ್ಲಿಯವಳೇ ಎಂದುಕೊಂಡು, "ಟಾಯ್ಲೆಟ್ ಎಲ್ಲಿ ಮೇಡಂ?" ಎಂದು ಕೇಳಿದಳು. ಅವಳೂ "ಎಡಕ್ಕೆ, ಮೆಟ್ಟಿಲ ಪಕ್ಕ" ಎಂದುಬಿಟ್ಟಳು. ಒಳಗೆ ಕಾಲಿಟ್ಟ ಕ್ಷಣವೇ ಬಾಗಿಲುಗಳನ್ನೆಲ್ಲ ಎಣಿಸಿಟ್ಟುಕೊಳ್ಳುವುದು ಅವಳ ಹಳೆಯ ಚಾಳಿ.

ಯಜಮಾನ್ತಿ ನೀರಿನ ಕೋಣೆ ಸುತ್ತಿದಳು, ಗಾಳಿಯ ಕೋಣೆ ಸುತ್ತಿದಳು. ಪ್ರತಿ ಬಾಗಿಲಲ್ಲೂ ಮೊದಲು ಚಾವಣಿ ನೋಡುತ್ತಾಳೆ, ಆಮೇಲೆ ಹೆಜ್ಜೆ. ಎಲ್ಲವನ್ನೂ ಹತ್ತಿರದಿಂದ, ಆಸೆಯಿಂದ ನೋಡುತ್ತಾಳೆ. ಹೌದು, ಆಸೆಯಿಂದ. ಅದೇ ತಾಯಿಯ ಕರುಳು ಹಿಂಡಿದ್ದು. ಬೇಡವೆಂದು ಮುಖ ತಿರುಗಿಸುವ ಮಗುವಾಗಿದ್ದರೆ ಒಂದು ಮಾತು. ಇವಳು ಬಣ್ಣದ ಮರಳಿನ ಮುಂದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಿಡಿದ ಬೆರಳುಗಳು ಬಿಳಿಚಿದ್ದವು.

"ಒಂದೇ ಒಂದು ಬೆರಳು ಇಡು ಪುಟ್ಟಾ. ತಣ್ಣಗಿರುತ್ತೆ ನೋಡು."

"ಬೇಡಮ್ಮ. ನೋಡ್ತೀನಿ ಅಷ್ಟೇ."

"ಯಾಕೆ ಬೇಡ? ಎಲ್ಲ ಮಕ್ಕಳೂ ಆಡ್ತಿಲ್ವಾ?"

ಮಗಳು ಮತ್ತೆ ಮೇಲೆ ನೋಡಿದಳು. ಚಡಪಡಿಸುತ್ತಿದ್ದ ಸೊಸೆಯನ್ನು ನೋಡಿ ಅತ್ತೆ, ಮೊಣಕೈಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ನಿಂತರು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಆ ಕಂಬದ ಕನ್ನಡೀಲಿ ನಿನ್ನನ್ನ ನೋಡ್ಕೋ ಒಂದ್ಸಲ," ಎಂದರು.

ನೋಡಿಕೊಂಡಳು. ಕೈಗಳು ಯಾವಾಗ ಬೆನ್ನ ಹಿಂದೆ ಹೋಗಿದ್ದವೋ, ಅವಳಿಗೇ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಅತ್ತೆಯ ಕಣ್ಣಿನ ಆಪರೇಷನ್ ಆದಾಗ, ಮನೆಯಲ್ಲಿ ಬಿಡುವವರಿಲ್ಲದೆ ಮಗಳನ್ನು ಮೂರು ದಿನ ಮಡಕೆಗಳ ಕೋಣೆಗೆ ಕರೆದುಕೊಂಡು ಹೋಗಿದ್ದಳು. ನಾಲ್ಕು ವರ್ಷದ ಮಗು ಕಾವಲಿನ ಸ್ಟೂಲಿನ ಮೇಲೆ ಕೈಕಟ್ಟಿ, ಮೂರು ದಿನವೂ ಮಿಸುಕದೆ ಕೂತಿತ್ತು. ದೊಡ್ಡ ಸಾಹೇಬರೇ ಬಂದು 'ಶಹಬ್ಬಾಸ್' ಎಂದಿದ್ದರು. ಅಲ್ಲಿಂದಲೇ ಬಂತೇ ಇದು? ಛೆ, ಮೂರು ದಿನಕ್ಕೆ ಯಾವ ಮಗು ಹೀಗಾಗುತ್ತದೆ ಎಂದುಕೊಂಡು ಮುಂದಿನ ಕೋಣೆಗೆ ನಡೆದಳು.

ಅದು ಕಟ್ಟುವ ಕೋಣೆ. ಹಗುರವಾದ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತಾರು ಮಕ್ಕಳು ಸೇರಿ ಗೋಪುರ ಎಬ್ಬಿಸಿದ್ದರು; ಅವಳ ತಲೆಗಿಂತ ಎತ್ತರ. ಪಕ್ಕದಲ್ಲೇ ಉದ್ದ ಮೇಜಿನ ಮೇಲೆ ಜೇಡಿಮಣ್ಣು. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಐದಕ್ಕೆ ಬಾಗಿಲು ಹಾಕುತ್ತಾರೆ, ನಾಳೆ ಹತ್ತಕ್ಕೆ ಟೀಚರ್. ಇಷ್ಟು ಹೊತ್ತು ಬಿಗಿಹಿಡಿದಿದ್ದ ತಾಳ್ಮೆ ಅಲ್ಲಿ ಕಿತ್ತುಹೋಯಿತು.

"ಕೊಡು ಕೈ," ಎಂದಳು.

"ಬೇಡಮ್ಮ."

"ಕೊಡು ಅಂದ್ನಲ್ಲ! ಮುಟ್ಟಿದ್ರೆ ಏನು ಕೈ ಉದುರಿಹೋಗುತ್ತಾ?"

ಮಗಳ ಕೈ ಹಿಡಿದು ಮಣ್ಣಿನ ಕಡೆ ಎಳೆದಳು. ಮಗಳು ಸದ್ದಿಲ್ಲದೆ, ಹಲ್ಲು ಕಚ್ಚಿ, ಇಡೀ ಮೈಭಾರವನ್ನು ಹಿಂದಕ್ಕೆ ಹಾಕಿ ಎಳೆದಳು. ಬೆವೆತ ಕೈ ಜಾರಿತು. ಹಿಡಿತ ತಪ್ಪಿದ ತಾಯಿ ಹಿಂದಕ್ಕೆ ಮುಗ್ಗರಿಸಿ, ಮೊಣಕೈ ಸಮೇತ ಗೋಪುರಕ್ಕೆ ಬಿದ್ದಳು.

ಮುನ್ನೂರು ದಿಮ್ಮಿಗಳು ಒಟ್ಟಿಗೆ ಬಿದ್ದ ಸದ್ದು ಸಣ್ಣದಲ್ಲ. ನೆರಳಿನ ಕೋಣೆಯಲ್ಲಿ ಗೊರಕೆ ನಿಂತಿತು. ಪಿಯಾನೋ ನಿಂತಿತು. ಹದಿನೆಂಟು ವರ್ಷದಲ್ಲಿ ಒಂದು ಚಕ್ಕೆ ಎಬ್ಬಿಸದವಳು ದಿಮ್ಮಿಗಳ ರಾಶಿಯ ನಡುವೆ ಕುಕ್ಕರಿಸಿದ್ದಳು.

"ಬೇಲೀನೇ ಎದ್ದು ಹೊಲ ಮೇಯ್ತಲ್ಲಪ್ಪ," ಎಂದರು ಅತ್ತೆ ದೂರದಿಂದ.

ಹಳದಿ ಏಪ್ರನ್ ತೊಟ್ಟ ಹೆಂಗಸೊಬ್ಬಳು ಬಾಗಿಲ ಬದಿಯ ಸಣ್ಣ ಕೋಣೆಯಿಂದ ಓಡಿಬಂದಳು. ಆ ಮಹಡಿಯ ಉಸ್ತುವಾರಿ ಅವಳದೇ. ಅವಳು ಬಾಯಿ ತೆರೆಯುವ ಮೊದಲೇ ಯಜಮಾನ್ತಿ ಅಡ್ಡ ಬಂದು ನಿಂತಳು. ಆ ದಿನ ಮೊದಲ ಸಲ ಅವಳ ಕೈಗಳು ತಾವಾಗಿ ಬೆನ್ನ ಹಿಂದಿನಿಂದ ಹೊರಗೆ ಬಂದವು. ಎರಡನ್ನೂ ಅಗಲಕ್ಕೆ ಚಾಚಿದಳು, ತಾಯಿಯನ್ನು ಮರೆಮಾಡುವ ಹಾಗೆ.

"ನಾನು ಬೀಳ್ಸಿದ್ದು. ಅಮ್ಮ ಅಲ್ಲ," ಎಂದಳು. ಅಷ್ಟು ಸಾಲದೆಂಬಂತೆ ಚಾವಣಿಯ ಕಡೆ ತಲೆ ಎತ್ತಿ ಕೂಗಿ ಹೇಳಿದಳು. "ನಾನು ಬೀಳ್ಸಿದ್ದು! ಅಮ್ಮನ ಕೆಲಸ ತೆಗೀಬೇಡಿ!"

ತಾಯಿ ಅವಳು ಕೂಗಿದ ಕಡೆ ನೋಡಿದಳು. ಚಾವಣಿಯ ಮೂಲೆಯಲ್ಲಿ ಒಂದು ಕಪ್ಪು ಗಾಜಿನ ಗುಂಡು. ಕ್ಯಾಮೆರಾ. ಅವಳ ಮಡಕೆಗಳ ಕೋಣೆಯಲ್ಲಿ ಇರುವಂಥದ್ದೇ.

"ಯಾರು ಹೇಳಿದ್ರು ನಿಂಗೆ ಹೀಗೆಲ್ಲ?" ಎಂದು ಕೇಳಿದಳು.

"ನೀನೇ ಹೇಳಿದ್ದು. ಸ್ಟೂಲ್ ಮೇಲೆ ಕೂರಿಸ್ದಾಗ. ಆ ಕರೀ ಕಣ್ಣಲ್ಲಿ ಸಾಹೇಬ್ರು ನೋಡ್ತಿರ್ತಾರೆ, ನೀನು ಏನಾದ್ರೂ ಮುಟ್ಟಿದ್ರೆ ಅಮ್ಮನ ಕೆಲಸ ಹೋಗುತ್ತೆ, ಆಮೇಲೆ ನಮ್ಮನೇಲಿ ಏನೂ ಇರಲ್ಲ ಅಂತ. ಶಾಲೇಲೂ ಆ ಕಣ್ಣಿದೆ. ಬಸ್ಸಲ್ಲೂ ಇದೆ. ಅಂಗಡೀಲಿ ಎರಡಿದೆ."

ಹೇಳಿದ್ದಳು. ಈಗ ನೆನಪಾಯಿತು. ಮೊದಲ ದಿನ ಬೆಳಿಗ್ಗೆ, ಹೊತ್ತಾಗಿದೆ ಎಂಬ ಗಡಿಬಿಡಿಯಲ್ಲಿ, ಮಗು ಒಂದು ಗಾಜಿನ ಪೆಟ್ಟಿಗೆಯ ಕಡೆ ಕೈ ಚಾಚಿದಾಗ ಹೆದರಿಸಲೆಂದು ಹೇಳಿದ ಮಾತು. ಹೇಳಿದ ಅರ್ಧ ಗಂಟೆಗೆ ತಾನು ಮರೆತಳು. ಮಗಳು ಮರೆಯಲಿಲ್ಲ. ಎರಡು ವರ್ಷ, ಜೇಡಿಮಣ್ಣಿನ ಮುಂದೆ, ಬಣ್ಣದ ಮುಂದೆ, ತನ್ನ ಕಡೆಗೇ ಎಸೆದ ಚೆಂಡಿನ ಮುಂದೆ, ಅವಳು ಅಮ್ಮನ ಕೆಲಸ ಕಾದಿದ್ದಳು. ರಜೆಯಿಲ್ಲ, ಸಂಬಳವಿಲ್ಲ, ಸರದಿ ಬದಲಾಯಿಸುವವರೂ ಇಲ್ಲ. ಅದನ್ನು ಊರವರೆಲ್ಲ ಒಳ್ಳೆಯ ನಡತೆ ಎಂದರು, ಟೀಚರ್ ಬೇರೆ ಶಾಲೆ ಎಂದರು. ತಾಯಿಯಾದವಳು ಮೊದಲು ಬೀಗಿ, ಆಮೇಲೆ ಹೆದರಿ, ಕೊನೆಗೆ ಕೈ ಹಿಡಿದು ಎಳೆದಿದ್ದಳು. ಅವಳಿಗೆ ಅಳು ಬಂತು. ದಿಮ್ಮಿಗಳ ನಡುವೆ ಕೂತೇ, ಜನ ನೋಡುತ್ತಿದ್ದರೂ, ಅತ್ತಳು.

ಹಳದಿ ಏಪ್ರನ್ನಿನವಳಿಗೆ ಕಥೆ ಪೂರ್ತಿ ಅರ್ಥವಾಗದಿದ್ದರೂ ಮುಖ್ಯವಾದದ್ದು ಅರ್ಥವಾಯಿತು. ಅವಳು ಯಜಮಾನ್ತಿಯ ಮುಂದೆ ಮಂಡಿಯೂರಿದಳು.

"ಇದು ದಿನಕ್ಕೆ ನಲವತ್ತು ಸಲ ಬೀಳುತ್ತೆ ಕಂದ. ಬೀಳ್ದೆ ಇದ್ರೇನೇ ನಮಗೆ ಬೇಜಾರು," ಎಂದಳು.

"ಸಾಹೇಬ್ರಿಗೆ?"

"ಆ ಕಣ್ಣಲ್ಲಿ ನೋಡೋ ಸಾಹೇಬ್ರು ಇಲ್ಲಿ ನಾನೇ. ಬಾ, ತೋರಿಸ್ತೀನಿ."

ಬಾಗಿಲ ಬದಿಯ ಸಣ್ಣ ಕೋಣೆಯಲ್ಲಿ ಎಂಟು ಪರದೆಗಳಿದ್ದವು. ಒಂದರಲ್ಲಿ ನೀರು, ಒಂದರಲ್ಲಿ ಪಿಯಾನೋ. ಇನ್ನೊಂದರಲ್ಲಿ ಅಪ್ಪ ಎದ್ದು ತನ್ನ ಬೂಟು ಹುಡುಕುತ್ತಿದ್ದ.

"ಇದುವರೆಗೆ ಎಷ್ಟು ಜನರ ಕೆಲಸ ತೆಗೆದಿದ್ದೀರಿ?" ಎಂದು ಯಜಮಾನ್ತಿ ಕೇಳಿದಳು.

"ಒಬ್ಬರದ್ದೂ ಇಲ್ಲ. ಇದಿರೋದು ತಪ್ಪಿಸಿಕೊಂಡ ಮಕ್ಕಳನ್ನ ಹುಡುಕೋಕೆ. ಆಮೇಲೆ ಬೂಟು."

ಯಜಮಾನ್ತಿ ಅಷ್ಟಕ್ಕೆ ನಂಬುವವಳಲ್ಲ. ಕುರ್ಚಿ ಹತ್ತಿ ಕೂತಳು. "ಅಮ್ಮ ಮುಟ್ಲಿ. ನಾನು ಇಲ್ಲಿಂದ ನೋಡ್ತೀನಿ," ಎಂದಳು.

ಹೀಗೆ, ನಾಲ್ಕು ಮೂವತ್ತೈದಕ್ಕೆ, ಕಾವಲುಗಾರ್ತಿ ಒಬ್ಬಳೇ ಕ್ಯಾಮೆರಾದ ಕೆಳಗೆ ಬಂದು ನಿಂತಳು. ಕೈ ಮುಂದೆ ಹೋಗಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ ತೋಳನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿತ್ತು. ಎಷ್ಟು ಗಟ್ಟಿಯಾಗಿ ಎಳೆಯುತ್ತದೆ ಎಂದು ಈಗ ಅವಳಿಗೆ ತಿಳಿಯಿತು. ತನ್ನ ಮಗಳು ಇದನ್ನು ದಿನವೂ ಸಹಿಸಿದ್ದಳು. ಒಂದು ದಿಮ್ಮಿ ಎತ್ತಿದಳು, ಇಟ್ಟಳು. ಇನ್ನೊಂದು. ಐದರ ಮೇಲೆ ಆರನೆಯದಿಟ್ಟು ಕಾಲಿನಿಂದ ಒದ್ದಳು. ಬಿದ್ದವು. ತಲೆ ಎತ್ತಿ ಕಪ್ಪು ಗುಂಡನ್ನು ನೋಡಿದಳು. ಯಾರೂ ಬರಲಿಲ್ಲ. ಬಣ್ಣದ ಮರಳಿಗೆ ಎರಡೂ ಕೈ ಹಾಕಿ ಎರಚಿದಳು. ಪಿಯಾನೋದ ಮೇಲೆ ಹತ್ತಿ ಕುಣಿದಳು. ಅದೇ ಹುಡುಗ ಅಲ್ಲಿದ್ದ, ಈಗ ಬರಿಗಾಲಲ್ಲಿ. "ಆಂಟಿ, ಬೂಟು ಬಿಚ್ಚಿ," ಎಂದ. ಬಿಚ್ಚಿದಳು. ಅತ್ತೆ ಪಕ್ಕಕ್ಕೆ ಬಂದು ನಿಂತು, ಏನು ಎತ್ತ ಎಂದು ಕೇಳದೆ, ತಾವೂ ಕುಣಿದರು.

ಮೊದಲ ಗಂಟೆ ಬಾರಿಸಿದಾಗ ಬೆನ್ನ ಹಿಂದೆ ಮಗಳು ನಿಂತಿದ್ದಳು. ಕೈಗಳು ಮತ್ತೆ ಹಿಂದಕ್ಕೆ ಹೋಗಿದ್ದವು.

"ಅವರು ನಿನ್ನ ಕೆಲಸ ತೆಗೀಲಿಲ್ಲ. ಆದ್ರೆ ಅವರು ನಿನ್ ಸಾಹೇಬ್ರಲ್ಲ," ಎಂದಳು.

ಹೇಗೋ ಸಮಾಧಾನ ಮಾಡಿ ಮುಗಿಸಬಹುದಿತ್ತು. ಆದರೆ ಇನ್ನೊಂದು ಸುಳ್ಳು ಎಷ್ಟು ವರ್ಷ ಬಾಳುತ್ತದೋ ಯಾರು ಕಂಡವರು. ಅವಳು ಮಗಳ ಮುಂದೆ ನೆಲದ ಮೇಲೆ ಕೂತಳು.

"ಹೌದು, ಅವರಲ್ಲ. ನನ್ನ ಕೋಣೇಲಿ ಮಡಕೆ ಒಡೆದ್ರೆ ನನ್ನ ಸಾಹೇಬ್ರು ಬೈತಾರೆ. ಕೆಲಸ ಹೋದ್ರೂ ಹೋಗ್ಬಹುದು. ಆದ್ರೆ ಅದು ನನ್ನ ತಲೆನೋವು ಪುಟ್ಟಾ. ಅದನ್ನ ಕಾಯೋಳು ನಾನು. ಆವತ್ತು ನಿಂಗೆ ಹಾಗೆ ಹೇಳಿದ್ದು ನನ್ನ ತಪ್ಪು. ಶಾಲೇಲಿ, ಬಸ್ಸಲ್ಲಿ, ಎಲ್ಲೂ ನೀನು ಕಾಯ್ಬೇಕಾಗಿಲ್ಲ. ಕೆಲಸ ಹೋದ್ರೆ ನಾನು, ಅಪ್ಪ ನೋಡ್ಕೋತೀವಿ."

ಮಗಳು ಕೇಳಿದಳು, "ಹಾಗಾದ್ರೆ ನನ್ ಕೆಲಸ ಏನು?"

"ಅಂಗಿ ಕೊಳೆ ಮಾಡ್ಕೊಳ್ಳೋದು ಕಣೇ ಯಜಮಾನ್ತಿ!" ಎಂದರು ಅತ್ತೆ, ಪಿಯಾನೋದ ಮೇಲಿಂದಲೇ.

ಜೇಡಿಮಣ್ಣಿನ ಮೇಜಿನ ಬಳಿ ಅಪ್ಪ ಒಂದೇ ಬೂಟಿನಲ್ಲಿ ನಿಂತು, ಇನ್ನೂ ಅರೆನಿದ್ದೆಯಲ್ಲೇ, ಮಣ್ಣನ್ನು ಹಿಟ್ಟಿನ ಹಾಗೆ ನಾದುತ್ತಿದ್ದ. "ನೀರು ಜಾಸ್ತಿ ಮಾಡಿದ್ದಾರೆ," ಎಂದು ಗೊಣಗಿದ. ಯಜಮಾನ್ತಿ ಅವನ ಪಕ್ಕ ಹೋಗಿ ನಿಂತಳು. ಒಮ್ಮೆ ಮೇಲೆ ನೋಡಿದಳು. ಒಮ್ಮೆ ತಾಯಿಯನ್ನು ನೋಡಿದಳು. ಆಮೇಲೆ ಒಂದು ಬೆರಳು, ಅದರ ಹಿಂದೆ ಅಂಗೈ, ಅದರ ಹಿಂದೆ ಎರಡೂ ಕೈ, ಮೊಣಕೈವರೆಗೆ. ಬಾಯಿಂದ "ಹ್ಹಾ" ಎಂದು ಉಸಿರು ಬಿಟ್ಟಳು, ಬಿಸಿಲಲ್ಲಿ ಬಂದವರು ನೀರು ಕುಡಿದಾಗ ಬಿಡುವ ಹಾಗೆ.

ನಾಳೆ ಹತ್ತು ಗಂಟೆಗೆ ಟೀಚರ್ ಮುಂದೆ ಏನು ಹೇಳಬೇಕೆಂದು ತಾಯಿಗೆ ಈಗ ಗೊತ್ತಿತ್ತು. ಹೇಳುವುದಕ್ಕೆ ನಾಚಿಕೆಯಾಗುತ್ತಿತ್ತು. ಆದರೂ ಹೇಳುವವಳೇ.

ಎರಡನೆಯ ಗಂಟೆ ಬಾರಿಸಿತು. ದೀಪಗಳು ಒಂದೊಂದಾಗಿ ಆರತೊಡಗಿದವು. ಹಳದಿ ಏಪ್ರನ್ನಿನವಳು ಬೀಗದ ಕೈ ಗೊಂಚಲು ಹಿಡಿದು ಕೋಣೆ ಕೋಣೆ ಖಾಲಿ ಮಾಡಿಸುತ್ತ ಬಂದಳು. ಆ ಗೊಂಚಲಿನ ಸದ್ದು ಕೇಳಿದ್ದೇ ತಾಯಿಯ ಕಾಲುಗಳು ಅಭ್ಯಾಸಬಲದಿಂದ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವು. ತಿರುಗಿ ನೋಡಿದಳು. ಮಗಳು ಮಣ್ಣಿನಲ್ಲಿ ಏನನ್ನೋ ಕಟ್ಟುತ್ತಿದ್ದಳು. ಮಡಕೆಯೇ ಇರಬೇಕು. ಬಾಯಿ ಸೊಟ್ಟಗಿತ್ತು, ಹೊಟ್ಟೆಯಲ್ಲಿ ತೂತಿತ್ತು, ಇನ್ನೂ ಅಂಚು ಕೂಡಿರಲಿಲ್ಲ.

"ಮೇಡಂ, ಹೊತ್ತಾಯ್ತು. ಬಾಗಿಲು ಹಾಕ್ಬೇಕು," ಎಂದಳು ಹಳದಿ ಏಪ್ರನ್ನಿನವಳು.

ಹದಿನೆಂಟು ವರ್ಷ ಯಾರಿಗೂ ಅರ್ಧ ನಿಮಿಷ ಕೊಡದವಳು ಬಾಗಿಲಿಗೆ ಅಡ್ಡ ನಿಂತಳು.

"ಇನ್ನೈದೇ ನಿಮಿಷ ಮೇಡಂ," ಎಂದು ಗೋಗರೆದಳು. "ಕೈ ಮುಗೀತೀನಿ. ಇನ್ನೈದೇ ನಿಮಿಷ."